ಅಕ್ಕನ ಹಿತ್ತಲಿನ ಟೊಮ್ಯಾಟೊ

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಬಸ್ಸಿಳಿದ ಕೂಡಲೇ ಕಡಲೆಕಾಯಿಯ ವಾಸನೆ ಮೂಗಿಗೆ ಬಡಿಯಿತು. ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ನಾನೂ ಮೂರನೇ ಕ್ಲಾಸಿನ ಮೊಮ್ಮಗಳೂ ನನ್ನಿವಾಳದ ಅಕ್ಕನ ಮನೆಗೆ ಹೊರಟೆವು. ದಾರಿಯುದ್ದಕ್ಕೂ ಕೆಂಪು ನೆಲ, ಜಾಲಿ ಗಿಡ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು.

ಊರು ಹತ್ತಿರವಾದಾಗ ದನಗಳ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಡ್ರೈವರ್ ಹಾರ್ನ್ ಹೊಡೆಯದೆ ಬಸ್ಸು ನಿಲ್ಲಿಸಿದ. ದೇವರ ಎತ್ತುಗಳು! ಮ್ಯಾಸ ನಾಯಕರು ದೇವರಿಗೆಂದು ಬಿಟ್ಟ ಇವುಗಳ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಕಾಯುವವನಿಗೆ ಕಿಲಾರಿ ಎಂದು ಹೆಸರು. ಬರಗಾಲದಲ್ಲಿ ಇವುಗಳ ಮೇವಿಗೆ ಪಡುವ ಪಾಡು ದೊಡ್ಡದು. ಮೊಮ್ಮಗಳು ಕಿಟಕಿಯಿಂದ ಎಣಿಸತೊಡಗಿ ಮೂವತ್ತಕ್ಕೆ ಲೆಕ್ಕ ತಪ್ಪಿದಳು.

ಅಕ್ಕನ ಹಿತ್ತಲು ನೋಡಿ ನನಗೆ ಬೇಸರವಾಯಿತು. ಬದನೆ ಎಲೆಯಲ್ಲೆಲ್ಲ ತೂತು. ಸಾಲುಗಳ ನಡುವೆ ಚೆಂಡುಹೂವು. ಬುಡದಲ್ಲಿ ಮಣ್ಣೇ ಕಾಣದಂತೆ ಕಡಲೆಕಾಯಿ ಸಿಪ್ಪೆ.

"ಏನಕ್ಕ, ಹಿಂಗೆ ಬಿಟ್ಟಿದೀಯ?" ಎಂದೆ.

"ಹುಳಾನೂ ಒಂದೀಟು ತಿನ್ಲಿ ಬಿಡಪ್ಪ" ಎಂದಳು.

ಅಷ್ಟರಲ್ಲಿ ಮೊಮ್ಮಗಳು ಗಿಡದಿಂದ ಟೊಮ್ಯಾಟೊ ಕಿತ್ತು ಬಾಯಿಗೆ ಒಯ್ದಿದ್ದಳು. "ಬೇಡ! ಔಷಧಿ ಇರುತ್ತೆ!" ಎಂದು ಕೂಗಿಬಿಟ್ಟೆ. ಮಗು ಬೆಚ್ಚಿ ಹಣ್ಣು ಕೆಳಗೆ ಹಾಕಿತು. ಬೆಂಗಳೂರಿನ ನಮ್ಮ ಮಹಡಿಯ ಕುಂಡಗಳಿಗೆ ನಾನೇ ಸಿಂಪಡಿಸುತ್ತೇನಲ್ಲ, ಅಲ್ಲಿ ಅವಳಿಗೆ ಗಿಡ ಮುಟ್ಟಲೂ ಬಿಡುವುದಿಲ್ಲ.

"ಯಾವ ಔಷಧೀನೋ?" ಅಕ್ಕ ನಕ್ಕಳು. "ನನ್ನ ಗಿಡಕ್ಕೇನು ಜ್ವರ ಬಂದೈತಾ?"

ವಿಷಕ್ಕೆ ಔಷಧಿ ಎಂದು ಹೆಸರಿಟ್ಟವರು ನಮ್ಮ ಕಾಲದವರೇ. ಶೇಂಗಾ ಹೊಲಕ್ಕೆ ಕಂಬಳಿಹುಳು ಬಿದ್ದಾಗ ನಾವು ಹುಡುಗರು ಬಿ.ಎಚ್.ಸಿ. ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ, ಬರಿಗೈಯಲ್ಲಿ ಹಿಡಿದು ಕೊಡವುತ್ತ ಸಾಲಿನುದ್ದ ಓಡುತ್ತಿದ್ದೆವು. ಅದರ ಘಾಟು ಬಂದರೆ ಬೆಳೆ ಉಳಿಯಿತು ಎಂಬ ಸಮಾಧಾನ. ಆ ಪುಡಿಯನ್ನು ನಮ್ಮ ದೇಶ ನಿಷೇಧಿಸಿದ್ದು 1997ರಲ್ಲಿ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಮೇಲೆ ಪಡ್ರೆಯಂಥ ಊರುಗಳ ಮಕ್ಕಳು ಪಟ್ಟ ಕಷ್ಟದ ಚಿತ್ರಗಳನ್ನು ಅಜ್ಜಿ ತಾತಂದಿರೆಲ್ಲ ಪತ್ರಿಕೆಯಲ್ಲಿ ನೋಡಿದ್ದೀರಿ. 2011ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿತು. ಇದೆಲ್ಲ ಗೊತ್ತಿದ್ದೂ ನನ್ನ ಮಹಡಿಯಲ್ಲೊಂದು ಡಬ್ಬಿ ಇತ್ತು!

ಹಾಗೆಂದು ಅಕ್ಕ ಕೈಕಟ್ಟಿ ಕೂರುವವಳಲ್ಲ. ಒಣಗಿದ ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕುತ್ತಾಳೆ. ಮರುದಿನ ಹಿಂಡಿ, ಸೋಸಿ, ಚೂರು ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸುತ್ತಾಳೆ. ಹುಳು ಪಟ್ಟನೆ ಸಾಯುವುದಿಲ್ಲ. ಅದಕ್ಕೆ ಎಲೆ ರುಚಿಸುವುದಿಲ್ಲ, ಪೊರೆ ಕಳಚಿ ಬೆಳೆಯಲೂ ಆಗುವುದಿಲ್ಲ. ಇನ್ನು ಸಿಪ್ಪೆಯ ಹೊದಿಕೆ ನೆಲದ ತೇವ ಹಿಡಿದಿಡುತ್ತದೆ. ಎರಡು ದಿನಕ್ಕೊಮ್ಮೆ ನೀರು ಹಾಕಿದರೂ ಗಿಡ ಬಾಡುವುದಿಲ್ಲ. ಆದರೆ ಮೊದಲ ವರ್ಷ ಅರ್ಧ ಬದನೆಕಾಯಿ ಹುಳುವಿನ ಪಾಲಾಯಿತಂತೆ. "ಅತ್ತುಬಿಟ್ಟಿದ್ದೆ ಕಣೋ" ಎಂದಳು.

ಅವರೆ ಬಳ್ಳಿಯ ಮೇಲೆ ಪುಟಾಣಿ ಮೊಸಳೆಯಂಥ ಕಪ್ಪು ಹುಳು ಹರಿಯುತ್ತಿತ್ತು. ಹೊಸಕಲು ಕೈ ಚಾಚಿದೆ. ಅಕ್ಕ ಕೈ ಹಿಡಿದಳು. "ಅದು ಗುಲಗಂಜಿ ಹುಳದ ಮರಿ. ಸಸ್ಯಹೇನು ತಿಂದು ಬದುಕೋದು." ಇಂಥವನ್ನು ನಾನು ಮಹಡಿಯಲ್ಲಿ ಎಷ್ಟು ಕೊಂದಿದ್ದೇನೋ! ಮಕ್ಕಳೇ, ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆ ಇಟ್ಟುಕೊಂಡು ಬರುವ ಹುಳುವನ್ನು ನೀವು ಗುರುತಿಸುತ್ತೀರಿ. ಅದರ ಮರಿಯನ್ನು ನೋಡಿದ್ದೀರಾ?

ಮೊಮ್ಮಗಳು ಬಿದ್ದ ಟೊಮ್ಯಾಟೊವನ್ನು ಲಂಗಕ್ಕೆ ಒರೆಸಿ ನನ್ನ ಮುಖ ನೋಡಿದಳು. ತಲೆಯಾಡಿಸಿದೆ. ರಸ ಮೊಣಕೈವರೆಗೂ ಇಳಿಯಿತು.

ಮನೆಯಲ್ಲಿರುವ ಡಬ್ಬಿಯನ್ನು ಏನು ಮಾಡುವುದೋ ಇನ್ನೂ ಹೊಳೆದಿಲ್ಲ. ಚರಂಡಿಗೆ ಸುರಿಯುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತೆಯೂ ಇಲ್ಲ. ಸದ್ಯಕ್ಕೆ ಬೀಗ ಹಾಕಿಟ್ಟಿದ್ದೇನೆ.

ಹೊರಡುವಾಗ ಅಕ್ಕ ಒಂದು ಮೂಟೆ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ಒದ್ದು ನೋಡಿ, "ಏನ್ರೀ ಇದು, ಕಡಲೆಕಾಯಾ?" ಎಂದ.

"ಬರೀ ಸಿಪ್ಪೆ" ಎಂದಳು ಮೊಮ್ಮಗಳು.

"ಕಾಳೆಲ್ಲಿ ಹೋಯ್ತಮ್ಮ?"

ಅವಳು ಹೊಟ್ಟೆ ತಟ್ಟಿಕೊಂಡು ತೋರಿಸಿದಳು.