ಸಂತೆಗೆ ಮೂರು ಮೊಳ

ನಾಸಿಕದ ಸಾತಪೂರದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ವರ್ನಿಯರ್ ಹಿಡಿದು ಅಳೆದವನು ನಾನು. ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ಮಾಲು ವಾಪಸ್. ನಿವೃತ್ತನಾದ ಮೇಲೆ ಅಳೆಯಲು ಏನೂ ಸಿಗದೆ, ಹೆಂಡತಿ ಕೊಡುವ ಚಹಾ ಕಪ್ಪಿನಲ್ಲಿ ಎಷ್ಟು ಕೆಳಗಿದೆ ಎಂದು ನೋಡಿ ಹೇಳತೊಡಗಿದೆ. "ನಿಮ್ಮ ಬಾಯಿಗೆ ಬ್ಯಾರೆ ಏನರ ಕೆಲಸಾ ಹಚ್ರಿ" ಅಂದಳು. ಹಾಗೆ ಶುರುವಾದದ್ದು ಕತೆ ಹೇಳುವ ಚಟ. ಗೋದಾವರಿ ದಂಡೆಯ ಕತೆಗಳು, ಕನ್ನಡದಲ್ಲಿ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲೇ ಗಡಿ ಗೆರೆ ಎಳೆದಿದೆಯಲ್ಲ, ಆ ಗೋದಾವರಿ ಹುಟ್ಟುವುದು ನಮ್ಮ ನಾಸಿಕದ ಪಕ್ಕದ ತ್ರ್ಯಂಬಕದಲ್ಲಿ. ಗಡಿಕಲ್ಲಿನ ಬುಡದಲ್ಲೇ ಮನೆ ಮಾಡಿಕೊಂಡವನು ನಾಲ್ಕು ಮಾತಾಡದಿದ್ದರೆ ಹೇಗೆ?

ಮಾತೇನೋ ಇತ್ತು. ಕೇಳುವವರನ್ನು ಎಲ್ಲಿ ಹಿಡಿಯುವುದು? ಛತ್ರಪತಿ ಸಂಭಾಜಿನಗರದಲ್ಲಿ ಮಗನ ಮನೆ. ಮೊಮ್ಮಗ ಕಾಲೇಜು ಹುಡುಗ, ಫೋನಿನಲ್ಲಿ ಜನರನ್ನು ಹಿಡಿಯುವ ವಿದ್ಯೆಯಲ್ಲಿ ಪಂಡಿತ. ಲಾಲ್‌ಪರಿ ಎಂಬ ಕೆಂಪು ಬಸ್ಸು ಹತ್ತಿ, ಯೇವಲೆ, ವೈಜಾಪುರ ದಾಟಿ ಅವನ ಮುಂದೆ ಶಿಷ್ಯನಾಗಿ ಕೂತೆ.

"ಅಜ್ಜಾ, ಒಂದ ಕಡೆ ಹಾಕಿದ್ರ ಯಾರೂ ನೋಡಂಗಿಲ್ಲ. ಎಲ್ಲಾ ಕಡೆ ಹಾಕಬೇಕು" ಎಂದ. ಫೋನು ನಿಲ್ಲಿಸಿ ಹಿಡಿದರೆ ಇನ್‌ಸ್ಟಾಗ್ರಾಂ, ಅಡ್ಡ ಹಿಡಿದರೆ ಯೂಟ್ಯೂಬ್. ಫೇಸ್‌ಬುಕ್ಕಿಗೆ ಫೋಟೊ ಸಮೇತ, ಎಕ್ಸ್‌ಗೆ ಎರಡೇ ಸಾಲು, ಟೆಲಿಗ್ರಾಮಿಗೆ ಒಂದು ಚಾನೆಲ್ಲು, ವಾಟ್ಸಾಪಿಗೆ ಇನ್ನೊಂದು. ಒಂದೇ ಕತೆಯನ್ನು ಅರ್ಧ ನಿಮಿಷಕ್ಕೆ, ಒಂದೂವರೆ ನಿಮಿಷಕ್ಕೆ, ಹತ್ತು ನಿಮಿಷಕ್ಕೆ ಕತ್ತರಿಸಬೇಕು. ಅಳತೆಯ ಕೆಲಸ ಮತ್ತೆ ಸಿಕ್ಕಿತೆಂದು ಮೊದಲು ಖುಷಿಯೇ ಆಯಿತು. ಒಂದು ತಿಂಗಳು ಕತ್ತರಿಸಿದೆ. ಕೊನೆಗೆ ನೋಡಿದರೆ ಕತ್ತರಿಗೆ ಮಾತ್ರ ಕೆಲಸ. ಹೊಸ ಕತೆ ಒಂದೂ ಇಲ್ಲ. ಸಂತೆಗೆ ಮೂರು ಮೊಳ ನೇಯ್ದಂತೆ ಅಂತಾರಲ್ಲ, ಹಾಗೆ. ನನ್ನದು ಆರು ಸಂತೆ, ಸಂತೆಗೊಂದು ಮೊಳ.

ಸಂತೆಗಳಾದರೂ ಇದ್ದಲ್ಲೇ ಇರುತ್ತವೆಯೇ? ಆರ್ಕುಟ್ 2014ರಲ್ಲಿ ಬಾಗಿಲು ಹಾಕಿತು. ಟಿಕ್‌ಟಾಕ್ 2020ರಲ್ಲಿ ಒಂದೇ ರಾತ್ರಿಯಲ್ಲಿ ದೇಶ ಬಿಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ಹುಟ್ಟಿ ಮೊದಲು ಕನ್ನಡದಲ್ಲೇ ಕೂಗಿದ ಹಳದಿ ಹಕ್ಕಿ ಕೂ, 2024ರಲ್ಲಿ ಹಾರಿಹೋಯಿತು. ಗಂಟು ಬಿಚ್ಚಿ ಕೂರುವಷ್ಟರಲ್ಲಿ ಸಂತೆಯೇ ಎದ್ದಿರುತ್ತದೆ.

ಬೇಸರವಾದಾಗ ನಾನು ಹೋಗುವುದು ಪಾಂಡವಲೇಣಿಗೆ. ಮುಂಬೈ ರಸ್ತೆಯ ಪಕ್ಕದ ಗುಡ್ಡದಲ್ಲಿ 24 ಗುಹೆಗಳು. ಹೆಸರು ಪಾಂಡವರದು, ವಾಸ ಬೌದ್ಧ ಭಿಕ್ಷುಗಳದು. ಗುಡ್ಡದ ಬುಡದಲ್ಲಿ ದಾದಾಸಾಹೇಬ್ ಫಾಲ್ಕೆಯವರ ಸ್ಮಾರಕವಿದೆ. ಅವರು ಹುಟ್ಟಿದ್ದು 1870ರಲ್ಲಿ, ಅದೇ ತ್ರ್ಯಂಬಕದಲ್ಲಿ. ಮೊದಲ ಚಿತ್ರ 'ರಾಜಾ ಹರಿಶ್ಚಂದ್ರ' 1913ರಲ್ಲಿ ಮುಂಬೈಯಲ್ಲಿ ತೆರೆಕಂಡ ಮೇಲೆ ಬಿಡಾರ ನಾಸಿಕಕ್ಕೆ ತಂದರು. ಅವರ ಹೆಸರಿನ ಪ್ರಶಸ್ತಿ ನಮ್ಮ ರಾಜ್‌ಕುಮಾರರಿಗೆ ಬಂದದ್ದರಿಂದ ಕನ್ನಡದವರಿಗೆ ಅವರು ನೆಂಟರೇ. ಸೂರತ್ತಿನಲ್ಲಿ ಮೊದಲ ದಿನ ಚಿತ್ರಕ್ಕೆ ಮೂರೇ ರೂಪಾಯಿ ಕೂಡಿತಂತೆ. ಎರಡಾಣೆ ಕೊಟ್ಟರೆ ಆರು ಗಂಟೆ ನಾಟಕ ನೋಡಬಹುದಾದ ಊರು. ಒಂದೂವರೆ ಗಂಟೆಯ ಆಟಕ್ಕೆ ಮೂರಾಣೆ ಯಾರು ಕೊಟ್ಟಾರು? ಫಾಲ್ಕೆ ಜಾಹೀರಾತು ಬದಲಿಸಿದರಂತೆ: ಐವತ್ತೇಳು ಸಾವಿರ ಚಿತ್ರಗಳು, ಎರಡು ಮೈಲಿ ಉದ್ದ, ಎಲ್ಲಾ ಸೇರಿ ಮೂರೇ ಆಣೆ! ಜನ ಮುಗಿಬಿದ್ದರಂತೆ.

ಈ ಕತೆ ಕೇಳಿದ ದಿನವೇ ನಾನು ಲೆಕ್ಕ ಹಾಕಿದೆ, ಹಳೇ ರೋಗ. ಒಂದು ಅಡಿ ಫಿಲ್ಮಿಗೆ ಹದಿನಾರು ಚಿತ್ರ. ಐವತ್ತೇಳು ಸಾವಿರಕ್ಕೆ ಮೂರೂವರೆ ಸಾವಿರ ಅಡಿ ಚಿಲ್ಲರೆ, ಅಂದರೆ ಮುಕ್ಕಾಲು ಮೈಲಿಯೂ ಆಗುವುದಿಲ್ಲ. ನನ್ನ ಕೈಗೆ ಬಂದಿದ್ದರೆ ಆ ಮಾಲು ಖಂಡಿತ ವಾಪಸ್. ಆದರೆ ಒಂದು ಮಾತು. ಫಾಲ್ಕೆ ಚಿತ್ರವನ್ನು ಕತ್ತರಿಸಲಿಲ್ಲ, ಅಳತೆಪಟ್ಟಿಯನ್ನಷ್ಟೇ ಹಿಗ್ಗಿಸಿದರು.

ಮೆಟ್ಟಿಲು ಹತ್ತಿದರೆ ಹತ್ತನೆಯ ಗುಹೆ. ಕ್ಷತ್ರಪ ಅರಸ ನಹಪಾನನ ಅಳಿಯ ಉಷವದಾತ ಸುಮಾರು 1900 ವರ್ಷಗಳ ಹಿಂದೆ ಕೊರೆಸಿದ್ದು. ಗೋಡೆಯಲ್ಲಿ ಬ್ರಾಹ್ಮಿ ಅಕ್ಷರಗಳ ಸಾಲು. ಗೋವರ್ಧನದ, ಅಂದರೆ ಇಲ್ಲೇ ನಾಸಿಕದ ಪಕ್ಕದ, ನೇಕಾರರ ಎರಡು ಸಂಘಗಳಲ್ಲಿ ಮೂರು ಸಾವಿರ ಕಾರ್ಷಾಪಣ ನಾಣ್ಯ ಠೇವಣಿ ಇಟ್ಟ ಲೆಕ್ಕ ಅದು. ಎರಡು ಸಾವಿರಕ್ಕೆ ತಿಂಗಳಿಗೆ ನೂರಕ್ಕೊಂದು ಬಡ್ಡಿ, ಇನ್ನೊಂದು ಸಾವಿರಕ್ಕೆ ಮುಕ್ಕಾಲು. ಅಸಲು ಮುಟ್ಟುವಂತಿಲ್ಲ. ಕೊನೆಗೆ ಒಂದು ಮಾತು: ಇದನ್ನು ನಿಗಮಸಭೆಯಲ್ಲಿ ಓದಿ ಕೇಳಿಸಿದೆ, ಹಲಗೆಯ ದಾಖಲೆಯಲ್ಲಿ ಬರೆಸಿದೆ.

ಗುಹೆಯ ತಂಪಿನಲ್ಲಿ ಕೂತು ಎಣಿಸಿದೆ. ಸಭೆ ಒಂದು, ಹಲಗೆ ಎರಡು, ಕಲ್ಲು ಮೂರು. ಉಷವದಾತನೂ ಮೂರು ಕಡೆ ಹಾಕಿದ್ದಾನೆ! ಮೊಮ್ಮಗನೇ ಗೆದ್ದನೇ? ಅಲ್ಲ. ಸಭೆಯಲ್ಲಿ ಹೇಳಿದ್ದು ಸಾಕ್ಷಿಗೆ. ನೇಕಾರ ನಾಳೆ ಇಲ್ಲ ಎನ್ನಬಾರದು. ಹಲಗೆಗೆ ಬರೆದದ್ದು ಲೆಕ್ಕಕ್ಕೆ. ಕಲ್ಲಿಗೆ ಕೊರೆದದ್ದು ಇನ್ನೂ ಹುಟ್ಟದವರಿಗೆ. ಮೂರು ಜಾಗಕ್ಕೆ ಮೂರು ಕೆಲಸ. ನಾನು ಮಾಡಿದ್ದು ಒಂದೇ ಕೆಲಸವನ್ನು ಆರು ಸಲ.

ಇನ್ನೊಂದು ಲೆಕ್ಕ ಮನೆಗೆ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಎರಡು ಸಾವಿರಕ್ಕೆ ವರ್ಷದ ಬಡ್ಡಿ 240. ಶಾಸನದಲ್ಲಿ ಭಿಕ್ಷುವಿಗೆ ತಲಾ ಹನ್ನೆರಡು, ಬಟ್ಟೆಗೆಂದು. ಭಾಗಿಸಿದರೆ ಇಪ್ಪತ್ತು, ಶಾಸನವೂ ಇಪ್ಪತ್ತು ಮಂದಿ ಎಂದೇ ಹೇಳುತ್ತದೆ. ಅರಸನ ಅಳಿಯ, ಹಣದ ದೊರೆ, ಇಷ್ಟು ಸಭೆ ಸೇರಿಸಿ, ಇಷ್ಟು ಕಲ್ಲು ಕೊರೆಸಿದ್ದು ಇಪ್ಪತ್ತು ಮಂದಿಯ ಬಟ್ಟೆಗೆ! ನನ್ನ ಅತಿ ಜನಪ್ರಿಯ ವಿಡಿಯೊ ನೋಡಿದವರು ಇಪ್ಪತ್ಮೂರು. ಅವನಿಗಿಂತ ಮೂವರು ಹೆಚ್ಚು.

ಮುಂದಿನ ಸಲ ಸಂಭಾಜಿನಗರಕ್ಕೆ ಹೋದಾಗ ಮೊಮ್ಮಗನನ್ನು ನಾನೇ ವೇರೂಳಕ್ಕೆ ಕರೆದೊಯ್ದೆ. ಎಲ್ಲೋರಾ ಎಂದು ಲೋಕ ಕರೆಯುವ ಊರು ಅಲ್ಲಿನವರ ಬಾಯಲ್ಲಿ ವೇರೂಳ. ಕನ್ನಡ ನಾಡನ್ನೂ ಆಳಿದ ರಾಷ್ಟ್ರಕೂಟರ ಒಂದನೆಯ ಕೃಷ್ಣ ಎಂಟನೆಯ ಶತಮಾನದಲ್ಲಿ ಮಾಡಿಸಿದ ಕೈಲಾಸ ಅಲ್ಲಿದೆ. ಬೆಟ್ಟದ ತಲೆಯಿಂದ ಕೆಳಕ್ಕೆ ಕೊರೆದುಕೊಂಡು ಬಂದ ದೇವಸ್ಥಾನ.

"ತಪ್ಪಾದ್ರ ಡಿಲೀಟ್ ಮಾಡೂದು ಹ್ಯಾಂಗ, ಅಜ್ಜಾ?" ಎಂದ ಹುಡುಗ.

"ಡಿಲೀಟ್ ಮಾಡ್ಕೋತನ ಬಂದಾರ. ಬ್ಯಾಡಾದ ಕಲ್ಲು ತಗದ್ರು, ಬೇಕಾದ್ದು ಉಳೀತು."

ತಮಾಷೆಯೆಂದರೆ, ಇದು ಕೃಷ್ಣನ ಕೆಲಸ ಎಂಬ ಸುದ್ದಿ ನಮಗೆ ಸಿಕ್ಕಿದ್ದು ದೂರದ ವಡೋದರೆಯಲ್ಲಿ. ಅದೇ ವಂಶದ ಗುಜರಾತ್ ಶಾಖೆಯ ಕರ್ಕ 812ರಲ್ಲಿ ಒಂದು ಹಳ್ಳಿ ದಾನ ಕೊಟ್ಟ ತಾಮ್ರಪಟದಲ್ಲಿ, ವಂಶದ ಹಿರಿಯರನ್ನು ಹೊಗಳುವಾಗ ಈ ಗುಡಿಯ ಮಾತು ಬರುತ್ತದೆ. ಕಟ್ಟಿದ ಶಿಲ್ಪಿಯೇ, ಇದನ್ನು ನಾನು ಹೇಗೆ ಮಾಡಿದೆ ಎಂದು ಬೆರಗಾದನಂತೆ. ಕೆಲಸ ಒಂದು ಬೆಟ್ಟದಲ್ಲಿ ನಿಂತಿತು. ಸುದ್ದಿ ಅದರ ಪಾಡಿಗೆ ನಡೆದು ಹೋಯಿತು.

ಹುಡುಗ ರೀಲ್ಸ್ ಹಿಡಿಯುವುದು ಬಿಟ್ಟು ಅರ್ಧ ಗಂಟೆ ಸುಮ್ಮನೆ ನೋಡಿದ. ಆಮೇಲೆ ಹಿಡಿದ. ಅದೂ ಬೇಕು ಅನ್ನಿ.

ಈಗ ನನ್ನ ಅಂಗಡಿ ಒಂದೇ. ನಾಸಿಕದ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಶನಿವಾರಕ್ಕೊಂದು ಕತೆ, ಬರೀ ಧ್ವನಿ. ಉಷವದಾತನ ಕತೆಯನ್ನು ಕತ್ತರಿ ಹಾಕದೆ ಹೇಳಿದೆ. ಹತ್ತೊಂಬತ್ತು ನಿಮಿಷ ಆಯಿತು. ಇಷ್ಟು ಉದ್ದ ಯಾರು ಕೇಳುತ್ತಾರೆ ಎಂದು ಹೆಂಡತಿ ನಕ್ಕಳು. ಎರಡನೆಯ ದಿನ ನಸುಕಿನ ನಾಲ್ಕೂವರೆಗೆ ಫೋನು ಕುಂಯ್ ಎಂದಿತು. ಉಡುಪಿ ಕಡೆಯ ಹೋಟೆಲ್ಲಿನವರದು, ಧ್ವನಿ ಸಂದೇಶ. ಹಿಂದಿನಿಂದ ಗ್ರೈಂಡರಿನ ಗರಗರ.

"ನೀವೊಂದು ಮಾರಾಯ್ರೆ, ಅಕ್ಕಿ ನುಣ್ಣಗಾಗುವುದರ ಒಳಗೆ ನಿಮ್ಮ ಕತೆ ಮುಗಿದೇ ಹೋಗ್ತದೆ. ಬರುವ ವಾರ ಸ್ವಲ್ಪ ಉದ್ದ ಮಾಡಿ, ಆಯ್ತಾ?"

ಎಷ್ಟು ಕಿಲೊ ಅಕ್ಕಿ ಎಂದು ಕೇಳಿದ್ದೇನೆ. ಅಳತೆ ಬೇಕಲ್ಲ.