ಮೊದಲ ಟೋಲ್ ರಸ್ತೆ ಮತ್ತು ನಮ್ಮ ದೊಡ್ಡಪ್ಪನ ಚಪ್ಪಲಿ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರಸೊತ್ತು ಮಾಡ್ಕೊಂಡು ಓದಿ.

2023ರ ಡಿಸೆಂಬರ್ 4ರ ರಾತ್ರಿ ಬೆಳಗಾವಿ ಕಡೆಯ ನಮ್ಮೂರಿಂದ ಹನ್ನೊಂದು ಜನ ಒಂದು ಕ್ರೂಸರ್ ಮಾಡ್ಕೊಂಡು ಮುಂಬೈಗೆ ಹೊರಟ್ವಿ. 6ನೇ ತಾರೀಖು ಬಾಬಾಸಾಹೇಬರ ಪರಿನಿಬ್ಬಾಣ ದಿನ, ದಾದರಿನ ಚೈತ್ಯಭೂಮಿಗೆ ಹೋಗಬೇಕಿತ್ತು. ನಾನು ಆಫೀಸಲ್ಲಿ ಗುಮಾಸ್ತ ಅಲ್ವಾ, ಹಾಗಾಗಿ ಪಟ್ಟಿ ಎತ್ತೋದು, ಖರ್ಚು ಬರೆಯೋದು ನನ್ನ ಪಾಲಿಗೆ ಬಂತು.

ನಮ್ಮ ಜೊತೆ ದೊಡ್ಡಪ್ಪನೂ ಇದ್ದರು. ವಯಸ್ಸು ಎಪ್ಪತ್ತು ದಾಟಿದೆ. ಅವರದು ಒಂದೇ ಆಸೆ: ಪುಣೆ ಪಕ್ಕದ ದೇಹು ರೋಡ್‌ನ ಬುದ್ಧವಿಹಾರ ನೋಡಬೇಕು ಅಂತ. ಬಾಬಾಸಾಹೇಬರು ಅಲ್ಲಿ ಬುದ್ಧನ ಮೂರ್ತಿ ಪ್ರತಿಷ್ಠಾಪನೆ ಮಾಡಿದ್ದು 1954ರ ಡಿಸೆಂಬರ್ 25ಕ್ಕೆ. ನಾಗಪುರದ ದೀಕ್ಷೆಗಿಂತ ಸುಮಾರು ಎರಡು ವರ್ಷ ಮೊದಲು. ಅದೇ ಡಿಸೆಂಬರ್ 25ಕ್ಕೆ, 1927ರಲ್ಲಿ, ಮಹಾಡದಲ್ಲಿ ಮನುಸ್ಮೃತಿ ಸುಟ್ಟಿದ್ದು.

ಬೆಳಿಗ್ಗೆ ಪುಣೆ ಬೈಪಾಸ್ ದಾಟುವಾಗ ನನಗೆ ನಿದ್ದೆ. ಎಚ್ಚರ ಆದಾಗ ಗಾಡಿ ಕಿವಳೆ ದಾಟಿ ಎಕ್ಸ್‌ಪ್ರೆಸ್‌ವೇ ಹತ್ತಿಬಿಟ್ಟಿತ್ತು.

"ತಮ್ಮಾ, ದೇಹು ರೋಡ್ ಬಂತನು?" ಅಂದರು ದೊಡ್ಡಪ್ಪ.

ಡ್ರೈವರ್ ಹೇಳಿದ: "ಕಾಕಾ, ಅದು ಹಿಂದ ಉಳೀತು. ಇಲ್ಲಿ ಗಾಡಿ ನಿಂದ್ರಸಾಕ ಬರಂಗಿಲ್ಲ, ತಿರಗಸಾಕೂ ಬರಂಗಿಲ್ಲ."

"ಮತ್ತ ನಾ ಇಳದು ನಡಕೊಂತ ಹೋದ್ರ?"

"ನಡಿಯಾಕೂ ಬಿಡಂಗಿಲ್ಲ ಕಾಕಾ. ಬೋರ್ಡ್ ಹಚ್ಯಾರ ನೋಡ್ರಿ."

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡಿಯಾಕ ಬರಂಗಿಲ್ಲಂದ್ರ ಅದೆಂಥಾ ರಸ್ತಾನೋ ಮಾರಾಯಾ" ಅಂದರು. ಗಾಡಿಯಲ್ಲಿದ್ದ ಹುಡುಗರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಈ ರಸ್ತೆ ಬಗ್ಗೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಅಂದ್ರೆ ನಮ್ಮ ದೇಶದ ಮೊದಲ ಆರು ಲೇನಿನ ಕಾಂಕ್ರೀಟ್ ಟೋಲ್ ಎಕ್ಸ್‌ಪ್ರೆಸ್‌ವೇ. ಉದ್ದ 94.5 ಕಿಲೋಮೀಟರ್. ಸರ್ಕಾರಿ ಹೆಸರು ಯಶವಂತರಾವ್ ಚವ್ಹಾಣ್ ಎಕ್ಸ್‌ಪ್ರೆಸ್‌ವೇ. ಮುಂಬೈ ಕಡೆ ಪನವೇಲ್ ಹತ್ತಿರದ ಕಳಂಬೋಲಿಯಿಂದ ಶುರು. ಕೊಂಕಣದ ಬಯಲಲ್ಲಿ ಭಾತಾಣ, ಮಾಡಪ ಸುರಂಗ ದಾಟಿ ಖಾಲಾಪುರ ಟೋಲ್. ಆಮೇಲೆ ಖೋಪೋಲಿ ಬುಡದಿಂದ ಬೋರ್ ಘಾಟ್ ಹತ್ತುತ್ತೆ, ಅಲ್ಲಿ ಹಳೇ ಹೈವೇನೂ ಬಂದು ಕೂಡುತ್ತೆ. ಖಂಡಾಳಾ, ಲೋಣಾವಳಾ, ಕಾಮಶೇತ್ ಸುರಂಗ, ತಳೇಗಾಂವ ಟೋಲ್, ಕೊನೆಗೆ ಕಿವಳೆ. ನಾವು ಇದನ್ನೇ ಉಲ್ಟಾ ಹೋದ್ವಿ.

ಬೋರ್ ಘಾಟ್‌ನಲ್ಲಿ ಬ್ರಿಟಿಷರು ಗಾಡಿರಸ್ತೆ ತೆರೆದಿದ್ದು 1830ರಲ್ಲಿ. ಘಟ್ಟದ ದಾರಿ ತೋರಿಸಿದ್ದು ಶಿಂಗ್ರೋಬಾ ಅನ್ನೋ ಕುರಿಗಾಹಿ, ದಾರಿ ಸಿಕ್ಕ ಮೇಲೆ ಅವನನ್ನ ಕೊಂದರು ಅಂತ ಅಲ್ಲಿನ ಜನ ಕತೆ ಹೇಳ್ತಾರೆ. ಹಳೇ ಘಟ್ಟದ ರಸ್ತೆಯಲ್ಲಿ ಅವನಿಗೊಂದು ಗುಡಿ ಇದೆ.

ಆ ಹಳೇ ರಸ್ತೆಗೆ ಲಾರಿಗಳ ಭಾರ ತಾಳಲಿಲ್ಲ. 1990ರಲ್ಲಿ ಮಹಾರಾಷ್ಟ್ರ ಸರ್ಕಾರ ಹೊಸ ರಸ್ತೆಗೆ ಸರ್ವೆ ಶುರು ಮಾಡಿಸಿತು. 1997ರಲ್ಲಿ ರಾಜ್ಯ ರಸ್ತೆ ಅಭಿವೃದ್ಧಿ ನಿಗಮಕ್ಕೆ ಕೆಲಸ ವಹಿಸಿ, 30 ವರ್ಷ ಟೋಲ್ ವಸೂಲಿಗೆ ಅನುಮತಿ ಕೊಟ್ಟಿತು. 1998ರಲ್ಲಿ ಕೆಲಸ ಶುರು, 2002ರಲ್ಲಿ ಪೂರ್ತಿ. ಖರ್ಚು ಸುಮಾರು 1,630 ಕೋಟಿ.

ಈಗ ವಸೂಲಿ ಲೆಕ್ಕ ನೋಡಿ. 2004ರಲ್ಲಿ ಟೋಲ್ ಎತ್ತುವ ಹಕ್ಕನ್ನ 15 ವರ್ಷಕ್ಕೆ ಖಾಸಗಿ ಕಂಪನಿಗೆ ಕೊಟ್ಟರು, 918 ಕೋಟಿಗೆ. 2020ರಲ್ಲಿ ಮತ್ತೆ 10 ವರ್ಷಕ್ಕೆ ಕೊಟ್ಟರು. ಈ ಸಲ 8,262 ಕೋಟಿಗೆ! ಮೂರು ವರ್ಷಕ್ಕೊಮ್ಮೆ ಟೋಲ್ 18 ಪರ್ಸೆಂಟ್ ಏರುತ್ತೆ. 2023ರ ಏಪ್ರಿಲ್‌ನಲ್ಲಿ ಕಾರಿನ ಟೋಲ್ 270ರಿಂದ 320 ರೂಪಾಯಿ ಆಯ್ತು. ರಸ್ತೆಯ ದುಡ್ಡು ಯಾವಾಗಲೋ ವಸೂಲಾಗಿದೆ, ಇನ್ನೂ ಯಾಕೆ ಟೋಲ್ ಅಂತ ಪುಣೆಯ ಮಾಹಿತಿ ಹಕ್ಕು ಕಾರ್ಯಕರ್ತರು ಕಾಗದ ಪತ್ರ ಹಿಡಿದು ಬಾಂಬೆ ಹೈಕೋರ್ಟ್‌ವರೆಗೂ ಹೋಗಿದ್ದಾರೆ. ಗುಮಾಸ್ತನಾಗಿ ಹೇಳ್ತೀನಿ, ಕೇಳಬೇಕಾದ ಪ್ರಶ್ನೆನೇ ಅದು. ಖರ್ಚಿನ ಕಾಲಮ್ ತುಂಬಿ, ಜಮಾ ಕಾಲಮ್ ಮುಚ್ಚಿಟ್ಟರೆ ಅದಕ್ಕೆ ಲೆಕ್ಕ ಅನ್ನಲ್ಲ.

ನನ್ನ ಪುಸ್ತಕದಲ್ಲಿ ಕಿಣಿ, ತಾಸವಡೆ, ಆನೇವಾಡಿ, ಖೇಡ್ ಶಿವಾಪುರ ಎಲ್ಲ ಬರೆದಿದ್ದೆ. ಎಕ್ಸ್‌ಪ್ರೆಸ್‌ವೇ ಸೇರಿಸಿ ಕೂಡಿದಾಗ ಹನ್ನೊಂದು ಜನರ ಊಟಕ್ಕಿಂತ ಟೋಲ್ ಖರ್ಚೇ ಜಾಸ್ತಿ ಇತ್ತು. ಪಟ್ಟಿ ಕೊಟ್ಟವರಲ್ಲಿ ಅರ್ಧ ಜನ ಹೊಲದ ಕೂಲಿಗೆ ಹೋಗೋ ಹೆಣ್ಣುಮಕ್ಕಳು.

ಇನ್ನು ಬೋರ್ಡಿನ ವಿಷಯ. ಈ ರಸ್ತೆ ಮೇಲೆ ನಡೆಯೋರು, ಸೈಕಲ್, ಬೈಕ್, ಆಟೋ, ಟ್ರ್ಯಾಕ್ಟರ್, ಎತ್ತಿನ ಗಾಡಿ ಯಾವುದೂ ಬರೋ ಹಾಗಿಲ್ಲ. ನಮ್ಮಲ್ಲೂ 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬಂದ್ ಮಾಡಿದ್ರು. ಗಾಡಿಗಳು ನೂರರ ವೇಗದಲ್ಲಿ ಹೋಗೋ ಕಡೆ ಜನ ನಡೆದರೆ ಸಾಯ್ತಾರೆ, ಅದು ನನಗೂ ಗೊತ್ತು. ಇದು ಅಸ್ಪೃಶ್ಯತೆ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದ್ರೆ ನಿಜವಾದ ಅಸ್ಪೃಶ್ಯತೆ ಉಂಡವರಿಗೆ ಅವಮಾನ.

ದೊಡ್ಡಪ್ಪ ಉಂಡವರು. ಹರೆಯದಲ್ಲಿ ಸರ್ಕಾರಿ ರಸ್ತೆ ಗ್ಯಾಂಗಿನಲ್ಲಿ ಖಡಿ ಒಡೆದವರು. ಬಸ್ ಸ್ಟ್ಯಾಂಡಿಂದ ನಮ್ಮೂರೊಳಗೆ ಬರೋ ರಸ್ತೆಗೆ ಡಾಂಬರು ಹೊತ್ತವರು ಅವರೇ. ಅದೇ ರಸ್ತೆಯಲ್ಲಿ ಗೌಡರ ಮನೆ ಬಂತು ಅಂದ್ರೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕಿತ್ತು. ಒಂದಿನ ಬಿಸಿ ಡಾಂಬರು ಪಾದದ ಮೇಲೆ ಬಿದ್ದು ಬೊಬ್ಬೆ ಎದ್ದಿತ್ತು. ಅವತ್ತು ಚಪ್ಪಲಿ ಬಿಡದೆ ನಡೆದರು. ಆ ಮನೆ ಮುಂದೆನೇ ಹೊಡೆತ ತಿಂದರು. ಮರುದಿನ ಅದೇ ರಸ್ತೆಗೆ ಮತ್ತೆ ಖಡಿ ಹಾಕೋಕೆ ಹೋದರು. ಈ ಮಾತನ್ನ ಅವರು ನನಗೆ ಜೀವನದಲ್ಲಿ ಒಂದೇ ಸಲ ಹೇಳಿದ್ದು.

ಅದಕ್ಕೇ ನನಗೆ ಅವತ್ತು ನಗು ಬರಲಿಲ್ಲ.

ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ. ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ತಡೆಯಬಾರದು ಅನ್ನೋ ಜಾಗಗಳ ಪಟ್ಟಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟದ ಜೊತೆ ರಸ್ತೆನೂ ಇದೆ. ಸುಮ್ನೆ ಬಂದ ಪದ ಅಲ್ಲ ಅದು. ನಮ್ಮ ದೊಡ್ಡಪ್ಪನಂಥವರು ಬರಿಗಾಲಲ್ಲಿ ನಡೆದಿದ್ದಕ್ಕೆ ಬಂದಿದ್ದು. ಚವದಾರ್ ಕೆರೆಯ ಮಹಾಡ್ ಇರೋದೂ, ಈ ಎಕ್ಸ್‌ಪ್ರೆಸ್‌ವೇ ಶುರುವಾಗೋ ಕಳಂಬೋಲಿ ಇರೋದೂ ಒಂದೇ ರಾಯಗಡ ಜಿಲ್ಲೆಯಲ್ಲಿ.

ಎಕ್ಸ್‌ಪ್ರೆಸ್‌ವೇಯಲ್ಲಿ ಯಾರೂ ಜಾತಿ ಕೇಳಲ್ಲ. ಫಾಸ್ಟ್ಯಾಗ್‌ನಲ್ಲಿ ದುಡ್ಡಿದ್ದರೆ ಗೇಟ್ ತೆಗೆಯುತ್ತೆ. ಇದು ಸಣ್ಣ ಮಾತಲ್ಲ. ಆದರೆ ನಾಲ್ಕು ಚಕ್ರ ಯಾರ ಹತ್ರ ಇದೆ, ಸೈಕಲ್ ಯಾರ ಹತ್ರ ಇದೆ, ಬರೀ ಕಾಲು ಯಾರ ಹತ್ರ ಇದೆ ಅಂತ ನಮ್ಮ ನಮ್ಮ ಕೇರಿಯಲ್ಲಿ ಎಣಿಸಿ ನೋಡಿ, ಉತ್ತರ ಸಿಗುತ್ತೆ. ಹೊಸ ರಸ್ತೆ ಬೇಡ ಅಂತಲ್ಲ. ಹೊಸದು ಮಾಡುವಾಗ ನಡೆಯೋರಿಗೂ ಸೈಕಲ್‌ನವರಿಗೂ ಪಕ್ಕದಲ್ಲೇ ಪುಕ್ಕಟೆ ರಸ್ತೆ, ಊರಿಗೊಂದು ಅಂಡರ್‌ಪಾಸ್, ವಸೂಲಾದ ಟೋಲಿನ ಲೆಕ್ಕ ಎಲ್ಲರ ಕಣ್ಣಿಗೆ ಕಾಣೋ ಹಾಗೆ ಬೋರ್ಡ್. ಈ ಮೂರೂ ಇರಲೇಬೇಕು. ಇದನ್ನ ಕೇಳೋದು ಬರೀ ಕಾರಿನವರ ಕೆಲಸ ಅಲ್ಲ, ನಮ್ಮದು.

ವಾಪಸ್ ಬರುವಾಗ ಲೋಣಾವಳಾದಲ್ಲಿ ಇಳಿದು ಹಳೇ ರಸ್ತೆ ಹಿಡಿದ್ವಿ. ಅಲ್ಲೂ ವರ್ಸೋಲಿ, ಸೋಮಾಟಣೆ ಟೋಲ್ ನಾಕಾ ತಪ್ಪಲಿಲ್ಲ. ಬಾಬಾಸಾಹೇಬರ ಮನೆಯಿರೋ ತಳೇಗಾಂವ ದಾಟಿ ದೇಹು ರೋಡ್‌ಗೆ ಬಂದ್ವಿ.

ವಿಹಾರದ ಬಾಗಿಲಲ್ಲಿ ದೊಡ್ಡಪ್ಪ ಬಗ್ಗಿ ಚಪ್ಪಲಿ ಬಿಟ್ಟರು. ಒಬ್ಬ ಹುಡುಗ ಅದನ್ನ ಕೈಯಲ್ಲಿ ಎತ್ಕೊಳ್ಳೋಕೆ ಹೋದ.

"ಇರಲಿ ಬಿಡೋ, ಅಲ್ಲೇ ಇರಲಿ" ಅಂದರು. "ಇಲ್ಲಿ ಯಾರೂ ಹೇಳಿಲ್ಲ. ನಾನಾಗೇ ಬಿಟ್ಟೇನಿ."

ಒಳಗೆ ಹೋಗಿ ತುಂಬಾ ಹೊತ್ತು ಕೂತಿದ್ರು.

ಡಿಸೆಂಬರ್ 6ಕ್ಕೆ ನಮ್ಮ ಕಡೆಯಿಂದ ಹೋಗೋರಿಗೆ ಒಂದು ಮಾತು. ದೇಹು ರೋಡ್ ನೋಡಬೇಕು ಅಂದ್ರೆ ಕಿವಳೆ ಬರೋದ್ರೊಳಗೆ ಡ್ರೈವರಿಗೆ ನೆನಪು ಮಾಡಿ, ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಆಗಲ್ಲ. ಗಾಡಿಯಲ್ಲಿ ಹಿರಿಯರು ಇದ್ದರೆ ಅವರು ಯಾವ್ಯಾವ ರಸ್ತೆಗೆ ಕಲ್ಲು ಹೊತ್ತರು ಅಂತ ಕೇಳಿ ಬರೆದಿಟ್ಕೊಳ್ಳಿ. ಕಮೆಂಟ್‌ನಲ್ಲಿ ಹಾಕಿದ್ರೂ ಆಯ್ತು, ನಾನು ಒಂದು ಕಡೆ ಸೇರಿಸಿ ಇಡ್ತೀನಿ.

ಜೈ ಭೀಮ್.