ಕಿತ್ತಳೆ ತೋಟದಲ್ಲಿ ಮುಲಾಮಿನ ಘಾಟು

ನಾಗಪುರ ಬಿಟ್ಟು ಕಾಟೋಲ್ ರಸ್ತೆ ಹಿಡಿದರೆ ಕಿತ್ತಳೆ ತೋಟಗಳು ಎದುರಾಗುತ್ತವೆ. ಡಿಸೆಂಬರಿನಲ್ಲಿ ಅಂಬಿಯಾ ಬಹಾರಿನ ಹಣ್ಣು ರಸ್ತೆ ಬದಿಯಲ್ಲೇ ಕ್ರೇಟುಗಟ್ಟಲೆ ಸಿಗುತ್ತದೆ. ಸಹೋದ್ಯೋಗಿಯೊಬ್ಬರ ಕಾಕಾನ ತೋಟದಲ್ಲಿ ನಾವು ಸಿಪ್ಪೆ ಸುಲಿಯುವುದರಲ್ಲೇ ಮುಳುಗಿದ್ದರೆ, ಕಾಕಾ ಒಂದು ಮರದ ಮುಂದೆ ನಿಂತುಬಿಟ್ಟಿದ್ದರು. ಮರವೆಲ್ಲ ಹಸಿರು, ಒಂದೇ ಕೊಂಬೆ ಹಳದಿ.

ಎಲೆ ಕಿತ್ತು ಬಿಸಿಲಿಗೆ ಹಿಡಿದು ತೋರಿಸಿದರು. ಸತುವಿನ ಕೊರತೆಯಾದರೆ ನಡುನರದ ಎರಡೂ ಬದಿ ಒಂದೇ ತರಹ ಹಳದಿಯಾಗುತ್ತದಂತೆ. ಇಲ್ಲಿ ಎಡಕ್ಕೊಂದು ನಕ್ಷೆ, ಬಲಕ್ಕೊಂದು. ಇದು ಗ್ರೀನಿಂಗ್ ರೋಗದ ಗುರುತು. ಮರದ ಆಹಾರನಾಳದಲ್ಲಿ ಬದುಕುವ ಬ್ಯಾಕ್ಟೀರಿಯಾ ಕಾರಣ. ವಾಸಿ ಮಾಡುವ ಮದ್ದಿಲ್ಲ. ಹರಡುವುದು ರೋಗದ ಮರದಿಂದ ತೆಗೆದ ಕಸಿಕಡ್ಡಿಯಿಂದ, ಇಲ್ಲವೇ ಸಿಲ್ಲಾ ಎಂಬ ಸುಮಾರು 3 ಮಿ.ಮೀ. ಉದ್ದದ ಕೀಟದಿಂದ. ಚಿಗುರಿನ ಮೇಲೆ ತಲೆ ತಗ್ಗಿಸಿ, ಹಿಂಭಾಗ ಎತ್ತಿ ಕೂರುವ ಅದರ ಭಂಗಿಗೆ ನಗು ಬರುತ್ತದೆ.

ಮನೆಗೆ ಬಂದು ಓದಿದ ಮೇಲೆ ನಗು ಬರಲಿಲ್ಲ. ಫ್ಲಾರಿಡಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದಂತೆ, ರೋಗ ತಗುಲಿದ ಗಿಡ ಮೀಥೈಲ್ ಸ್ಯಾಲಿಸಿಲೇಟನ್ನು ಹೆಚ್ಚು ಬಿಡುತ್ತದೆ. ಮಂಡಿನೋವಿಗೆ ಅಜ್ಜಿ ಹಚ್ಚುವ ಮುಲಾಮಿನ ಘಾಟು ಅದರದೇ. ಕೀಟ ಆ ವಾಸನೆಗೆ ಸೋತು ಬರುತ್ತದೆ. ಬಂದರೆ, ಗಿಡದಲ್ಲಿ ಸಾರಜನಕ, ರಂಜಕ, ಸತು, ಕಬ್ಬಿಣ ಎಲ್ಲವೂ ಕಡಿಮೆ. ಒಂದಿಷ್ಟು ರಸ ಹೀರಿ, ಬ್ಯಾಕ್ಟೀರಿಯಾ ಹೊತ್ತು, ಆರೋಗ್ಯವಂತ ಗಿಡಕ್ಕೆ ಹಾರುತ್ತದೆ. ಊಟ ಚೆನ್ನಾಗಿದ್ದಿದ್ದರೆ ಅಲ್ಲೇ ಉಳಿಯುತ್ತಿತ್ತು, ರೋಗವೂ ಅಲ್ಲೇ. ಬ್ಯಾಕ್ಟೀರಿಯಾಕ್ಕೆ ಮಿದುಳಿಲ್ಲ, ‘ಸಂಚು’ ಎನ್ನುವುದು ನಮ್ಮ ಮಾತು. ಆದರೂ ಬೇರೆ ಪದ ನನಗೆ ಹೊಳೆಯುತ್ತಿಲ್ಲ.

ಹಾಗಾಗಿ ಹಳದಿ ಕೊಂಬೆಯನ್ನಷ್ಟೇ ಕತ್ತರಿಸಿದರೆ ಸಾಲದು, ಮರವನ್ನೇ ತೆಗೆಯಬೇಕು. ಹಣ್ಣು ಬಿಡುತ್ತಿರುವ ಮರಕ್ಕೆ ಕೊಡಲಿ ಹಾಕುವುದು ಯಾರಿಗೆ ಸುಲಭ? ಕಾಕಾ ಈ ಫಸಲು ಮುಗಿಯಲಿ ಎಂದರು. ಅಷ್ಟರಲ್ಲಿ ಹೊಸ ಚಿಗುರು ಬರುತ್ತದೆ; ಸಿಲ್ಲಾ ಮೊಟ್ಟೆಯಿಡುವುದು ಚಿಗುರಿನಲ್ಲೇ.

ಕಾಫಿಯ ನಡುವೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆ ಕ್ಷೀಣಿಸಿದ್ದಕ್ಕೂ ಗ್ರೀನಿಂಗ್ ಒಂದು ಮುಖ್ಯ ಕಾರಣ. ಅದಕ್ಕೀಗ ಭೌಗೋಳಿಕ ಸೂಚಕದ ಮನ್ನಣೆಯೇನೋ ಇದೆ, ಹಣ್ಣು ಹುಡುಕುವುದೇ ಕಷ್ಟ. ಇಲ್ಲಿಂದ ಊರಿಗೆ ರೈಲಿನಲ್ಲಿ ಕಸಿಗಿಡ ಒಯ್ಯುವವರು ನಮ್ಮಲ್ಲಿದ್ದಾರೆ. ನಾಗಪುರದ ಕೇಂದ್ರೀಯ ಸಿಟ್ರಸ್ ಸಂಶೋಧನಾ ಸಂಸ್ಥೆ ರೋಗಮುಕ್ತ ಗಿಡಗಳನ್ನು ಬೆಳೆಸುತ್ತದೆ, ವಿಚಾರಿಸಿ ಕೊಳ್ಳಿ. ರಸ್ತೆ ಬದಿಯ ಗಿಡ ಅಗ್ಗವೇನೋ ಹೌದು, ಅದರ ಕಸಿಕಡ್ಡಿ ಯಾವ ಮರದ್ದೆಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ.